ಗಾಲಿಯ ಜಾಡಿನಲ್ಲಿ ನಿಂತ ನೀರು

ಮಳೆ ನಿಂತ ಮರುದಿನ ಹೊಲದ ಬದುವಿನ ಮೇಲೆ ನಿಂತು ನೋಡಿ. ಉತ್ತ ಸಾಲಿನಲ್ಲಿ ನೀರು ಇಂಗಿಹೋಗಿರುತ್ತದೆ. ಟ್ರ್ಯಾಕ್ಟರ್ ಗಾಲಿ ಹಾದ ಜಾಡಿನಲ್ಲಿ ಮಾತ್ರ ಕೆಸರುನೀರು ಮಡುಗಟ್ಟಿರುತ್ತದೆ. ಮಣ್ಣು ಒಂದೇ, ಮಳೆಯೂ ಒಂದೇ. ಬೇರೆಯಾದದ್ದು ಸಾಂದ್ರತೆ. ಇದನ್ನು ಲೆಕ್ಕಕ್ಕೆ ತರಲು ಹತ್ತಿರಹತ್ತಿರ ನೂರು ವರ್ಷ ಹಿಡಿಯಿತು.

ಲೆಕ್ಕ ಶುರುವಾದದ್ದು ಎಡ್ಗರ್ ಬಕಿಂಗ್‌ಹ್ಯಾಮ್ ಅವರಿಂದ. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಈ ಭೌತವಿಜ್ಞಾನಿ ಉದ್ದನೆಯ ಕೊಳವೆಗಳಿಗೆ ಮಣ್ಣು ತುಂಬಿ, ಬುಡವನ್ನು ನೀರಿನಲ್ಲಿಟ್ಟು, ಆವಿಯಾಗದಂತೆ ಬಾಯಿ ಮುಚ್ಚಿ ವಾರಗಟ್ಟಲೆ ಕಾದರು. ಆಮೇಲೆ ಮೇಲಿನಿಂದ ಕೆಳಗಿನವರೆಗೆ ತೇವ ಅಳೆದರು. ನೀರು ಎಷ್ಟಿದೆ ಎಂಬುದರ ಜತೆಗೆ, ಮಣ್ಣು ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದನ್ನೂ ಅಳೆಯಬೇಕೆಂಬ ವಿಚಾರ ಬಂದದ್ದು 1907ರ ಅವರ ವರದಿಯಿಂದ. ಬೇರು ಕಾದಾಡಬೇಕಾದದ್ದೂ ಆ ಬಿಗಿಯೊಂದಿಗೇ ತಾನೆ?

ಬಿಗಿ ಅಳೆಯಲು ಲೊರೆಂಜೊ ರಿಚರ್ಡ್ಸ್ 1940ರ ದಶಕದಲ್ಲಿ ರೂಪಿಸಿದ ಸಾಧನ ನೋಡಲು ಥೇಟ್ ಪ್ರೆಷರ್ ಕುಕ್ಕರ್. ಒಳಗೆ ಸೂಕ್ಷ್ಮ ರಂಧ್ರಗಳ ಪಿಂಗಾಣಿ ಬಿಲ್ಲೆ, ಅದರ ಮೇಲೆ ನೆನೆದ ಮಣ್ಣು. ಗಾಳಿಯ ಒತ್ತಡ ಏರಿಸಿದಂತೆ ನೀರು ಬಿಲ್ಲೆಯ ಮೂಲಕ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವುದು ನಿಂತಾಗ ಮಣ್ಣನ್ನು ತೆಗೆದು ತೂಗುತ್ತಾರೆ. 15 ಬಾರ್ ಒತ್ತಡಕ್ಕೂ ಬಿಡದ ನೀರು ಹೆಚ್ಚಿನ ಬೆಳೆಗಳ ಪಾಲಿಗೆ ಇದ್ದೂ ಇಲ್ಲದ ಹಾಗೆ. ರಿಚರ್ಡ್ಸ್ ದುಡಿದ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಪ್ರಯೋಗಾಲಯದಲ್ಲೇ 1980ರಲ್ಲಿ ರೀನ್ ವ್ಯಾನ್ ಗೆನುಕ್ಟನ್ ಈ ಅಳತೆಗಳನ್ನೆಲ್ಲ ಒಂದೇ ಬಳುಕು ರೇಖೆಯಲ್ಲಿ ಹಿಡಿಯುವ ಸೂತ್ರ ಕೊಟ್ಟರು.

ನನ್ನದೊಂದು ತಕರಾರಿದೆ. ಪರೀಕ್ಷೆಗೆ ಬಂದ ಮಣ್ಣನ್ನು ಎಷ್ಟೋ ಸಲ ಕುಟ್ಟಿ, 2 ಮಿ.ಮೀ. ಜರಡಿ ಹಿಡಿಯುತ್ತಾರೆ. ಹೆಂಟೆ ಒಡೆದ ಕೂಡಲೇ ಹೊಲದ ಸಾಂದ್ರತೆ ಹೋಯಿತು! ಘನ ಸೆಂ.ಮೀ.ಗೆ 1.3 ಗ್ರಾಂ ತೂಗುವ ಮಣ್ಣಿನಲ್ಲಿ ಸುಮಾರು ಅರ್ಧ ಭಾಗ ರಂಧ್ರಗಳೇ, 1.6 ಗ್ರಾಂಗೆ ಒತ್ತಿದರೆ ಉಳಿಯುವುದು ಶೇ 40. ಮೊದಲು ಮುಚ್ಚುವುದು ದೊಡ್ಡ ರಂಧ್ರಗಳು, ಅಂದರೆ ನೀರು ಇಂಗುವ, ಬೇರಿಗೆ ಗಾಳಿ ಸಿಗುವ ದಾರಿಗಳು. ಅವುಗಳಲ್ಲಿ ಕೆಲವು ಕುಗ್ಗಿ ಮಧ್ಯಮ ಗಾತ್ರಕ್ಕೆ ಇಳಿಯುವುದರಿಂದ, ಮಧ್ಯಮ ಬಿಗಿಯಲ್ಲಿ ಸಿಕ್ಕಿಕೊಳ್ಳುವ ನೀರು ಹೆಚ್ಚಲೂಬಹುದು. ಗಟ್ಟಿ ನೆಲ ನೀರು ಹಿಡಿಯದು ಎಂಬ ಮಾತು ಅರ್ಧ ಮಾತ್ರ ನಿಜ.

ಇಸ್ರೇಲಿನ ಶ್ಮುಯೆಲ್ ಅಸ್ಸುಲಿನ್ 2006ರಲ್ಲಿ ಒಂದು ದಾರಿ ತೋರಿಸಿದರು: ಸಡಿಲ ಮಣ್ಣಿನ ರೇಖೆ ಕೈಯಲ್ಲಿದ್ದರೆ, ಸಾಂದ್ರತೆ ಎಷ್ಟು ಏರಿತೆಂಬುದರಿಂದ ಒತ್ತಿದ ಮಣ್ಣಿನ ರೇಖೆಯನ್ನು ಲೆಕ್ಕ ಹಾಕಬಹುದು. ಪ್ರತಿ ಜಾಡಿಗೂ ಕುಕ್ಕರ್ ಏರಿಸಬೇಕಿಲ್ಲ. ಆ ಮೊದಲ ರೇಖೆಗೆ ಮಾತ್ರ ವಿನಾಯಿತಿಯಿಲ್ಲ: ಲೋಹದ ಬಳೆಯನ್ನು ನೆಲಕ್ಕೆ ಬಡಿದು, ಮಣ್ಣು ಅಲುಗದಂತೆ ಎತ್ತಿ, ಬಿಗಿ ಅಳೆದು, ಕೊನೆಗೆ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ತೂಗಲೇಬೇಕು.