ಕಂಪನಿ ರಂಗದಿಂದ ಕಿರುತೆರೆಗೆ: ಹಿರಿಯ ಹಾಸ್ಯನಟರು ಮತ್ತು ಹೊಸ ಪ್ರಹಸನ ಕಾರ್ಯಕ್ರಮಗಳು

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯು ಕನ್ನಡದ ಹಾಸ್ಯಾಭಿನಯಕ್ಕೆ ನೀಡಿರುವ ಕೊಡುಗೆ ಗಮನಾರ್ಹವಾದುದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಲ್ಲಿ ನಿಂತು ಸುತ್ತ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಹಾಸ್ಯನಟ ನರಸಿಂಹರಾಜು (1923–1979) ಹುಟ್ಟಿದ್ದು ತಿಪಟೂರಿನಲ್ಲಿ. ಉಮಾಶ್ರೀ ಅವರದು ತಿಪಟೂರು ತಾಲ್ಲೂಕಿನ ನೊಣವಿನಕೆರೆ. ಜಗ್ಗೇಶ್ ಅವರು ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದ ಕಡೆಯವರು. ನೆರೆಯ ಗುಬ್ಬಿಯಂತೂ ವೀರಣ್ಣನವರ ಕಂಪನಿಯ ತವರು. ವೃತ್ತಿರಂಗಭೂಮಿ, ಚಲನಚಿತ್ರ ಮತ್ತು ಕಿರುತೆರೆ ಎಂಬ ಮೂರು ಘಟ್ಟಗಳನ್ನು ಈ ಹೆಸರುಗಳೇ ಪ್ರತಿನಿಧಿಸುತ್ತವೆ. ಕಳೆದ ದಶಕದಿಂದ ಕನ್ನಡ ವಾಹಿನಿಗಳಲ್ಲಿ ‘ಸ್ಕಿಟ್’ ಎಂದು ಕರೆಯಲಾಗುತ್ತಿರುವ ಕಿರುಪ್ರಹಸನಗಳ ಕಾರ್ಯಕ್ರಮಗಳು ಜನಪ್ರಿಯವಾಗಿವೆ. ಅನುಭವಿ ಹಾಸ್ಯನಟರು ಇಂಥ ಹೊಸ ಕಾರ್ಯಕ್ರಮದಲ್ಲಿ ಯಶಸ್ವಿಯಾಗಬಲ್ಲರೇ ಎಂಬ ಪ್ರಶ್ನೆಯನ್ನು ಈ ಪರಂಪರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪುನರಾವರ್ತನೆಯ ಕಲೆ

ಹಳೆಯ ತಲೆಮಾರಿನ ಹಾಸ್ಯನಟನ ಬಂಡವಾಳ ಯಾವುದು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಈ ಭಾಗದಲ್ಲಿ ಪ್ರಚಲಿತವಾಗಿರುವ ಮೂಡಲಪಾಯ ಯಕ್ಷಗಾನದಲ್ಲಿ ಹನುಮನಾಯಕನೆಂಬ ಪಾತ್ರವಿದೆ. ಪ್ರಸಂಗ ಯಾವುದೇ ಇರಲಿ, ಹನುಮನಾಯಕ ಬದಲಾಗುವುದಿಲ್ಲ. ರಂಗಕ್ಕೆ ಬರುವ ರಾಜನನ್ನು ಯಾರು, ಎತ್ತ ಎಂದು ವಿಚಾರಿಸುತ್ತಲೇ ಆತ ನಗೆಯನ್ನು ಹುಟ್ಟಿಸುತ್ತಾನೆ. ಕಥೆ ಹೊಸತಾದರೂ ನಗಿಸುವವನು ಹಳಬ. ಪ್ರೇಕ್ಷಕನ ನಗೆ ಅರ್ಧ ಸಿದ್ಧವಾಗಿಯೇ ಇರುತ್ತದೆ.

ಕಂಪನಿ ನಾಟಕಗಳು ಈ ತತ್ತ್ವವನ್ನೇ ಬೆಳೆಸಿದವು. ‘ಸದಾರಮೆ’ಯ ಕಳ್ಳನ ಪಾತ್ರ ಗುಬ್ಬಿ ವೀರಣ್ಣನವರ ಹೆಸರಿನೊಂದಿಗೆ ಬೆಸೆದುಕೊಂಡಿದ್ದು ಎಷ್ಟೋ ರಾತ್ರಿಗಳ ಪುನರಾವರ್ತನೆಯಿಂದ. ಮಾಸ್ಟರ್ ಹಿರಣ್ಣಯ್ಯನವರ (1934–2019) ‘ಲಂಚಾವತಾರ’ ಸಾವಿರಾರು ಪ್ರದರ್ಶನಗಳನ್ನು ಕಂಡಿತು. ಆದರೆ ಅದು ಒಂದೇ ಪಠ್ಯದ ಯಾಂತ್ರಿಕ ಪುನರುಕ್ತಿಯಾಗಿರಲಿಲ್ಲ. ಆ ದಿನದ ರಾಜಕೀಯ ಸುದ್ದಿ, ಎದುರು ಕುಳಿತ ಜನ, ಕ್ಯಾಂಪಿನ ಊರು ಇವುಗಳಿಗೆ ತಕ್ಕಂತೆ ಮಾತು ಬದಲಾಗುತ್ತಿತ್ತು. ಚೌಕಟ್ಟು ಸ್ಥಿರ, ಮಾತು ಚರ. ಬಾಲ್ಯದಲ್ಲಿಯೇ ವೃತ್ತಿರಂಗಭೂಮಿಯನ್ನು ಸೇರಿ, 1954ರ ‘ಬೇಡರ ಕಣ್ಣಪ್ಪ’ದ ಮೂಲಕ ಚಿತ್ರರಂಗವನ್ನು ಪ್ರವೇಶಿಸಿದ ನರಸಿಂಹರಾಜು ಅವರಿಗೂ ಚಿತ್ರದಿಂದ ಚಿತ್ರಕ್ಕೆ ಮುಂದುವರಿಯುವ ಒಂದು ಸ್ಥಿರ ವ್ಯಕ್ತಿತ್ವವಿತ್ತು.

2. ಕಿರುಪ್ರಹಸನದ ಬೇಡಿಕೆ

ಕಿರುತೆರೆಯ ಪ್ರಹಸನ ಇದಕ್ಕೆ ತದ್ವಿರುದ್ಧವಾದ ಬೇಡಿಕೆಯನ್ನು ಮುಂದಿಡುತ್ತದೆ. ಕೆಲವೇ ನಿಮಿಷಗಳಲ್ಲಿ ಸನ್ನಿವೇಶವನ್ನು ಕಟ್ಟಬೇಕು, ಏರಿಸಬೇಕು, ಮುಗಿಸಬೇಕು. ಒಮ್ಮೆ ಪ್ರಸಾರವಾದ ಮೇಲೆ ಆ ಪಠ್ಯ ಹಳತು. ಮುಂದಿನ ವಾರಕ್ಕೆ ಹೊಸ ಪಾತ್ರ, ಹೊಸ ಮಾತು ಬೇಕು. ಕಂಪನಿಯ ನಟ ಒಂದು ನಗೆಮಾತನ್ನು ಹತ್ತಾರು ಊರುಗಳಲ್ಲಿ ಆಡಿ ಹದಗೊಳಿಸುತ್ತಿದ್ದ. ಕಿರುತೆರೆಯ ನಟನಿಗೆ ಆ ಅವಕಾಶವಿಲ್ಲ.

ಪ್ರೇಕ್ಷಕನ ಸ್ವರೂಪವೂ ಬದಲಾಗಿದೆ. ಶೆಟ್ಟಿಕೆರೆಯ ಸುತ್ತಿನ ಜಾತ್ರೆಯೊಂದರಲ್ಲಿ ಹಾಸ್ಯನಟ ಕೊಬ್ಬರಿ ದರ ಕುಸಿದುದನ್ನು ಪ್ರಸ್ತಾಪಿಸಿದರೆ ವಿವರಣೆ ಬೇಕಾಗುವುದಿಲ್ಲ. ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಕೊಬ್ಬರಿಯಾಗುವುದನ್ನು ಕಾದವರು, ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜಿನ ಬೆಲೆ ಕೇಳಿ ಮರಳಿದವರು ಎದುರಿಗೇ ಕುಳಿತಿರುತ್ತಾರೆ. ಅವರ ನಗೆಯಲ್ಲಿ ನೋವೂ ಸೇರಿರುತ್ತದೆ. ಇಡೀ ನಾಡನ್ನು ಉದ್ದೇಶಿಸುವ ವಾಹಿನಿಗೆ ಇದೇ ಮಾತು ಸ್ಥಳೀಯವೆನಿಸುತ್ತದೆ. ಎಲ್ಲರಿಗೂ ಅರ್ಥವಾಗುವ ವಸ್ತುವೆಂದರೆ ಗಂಡ-ಹೆಂಡತಿ ಜಗಳ, ಹೆಣ್ಣು ನೋಡುವ ಶಾಸ್ತ್ರ, ಕುಡುಕನ ತೊದಲು. ಹೀಗೆ ಹಾಸ್ಯವು ಕಚೇರಿ, ಮಾರುಕಟ್ಟೆಗಳಿಂದ ನಡುಮನೆಗೆ ಸರಿಯುತ್ತದೆ.

3. ಹಿರಿಯರು ಹಿಡಿದ ಮೂರು ದಾರಿಗಳು

ಈ ಬೇಡಿಕೆಗೆ ಹಿರಿಯರು ಸ್ಪಂದಿಸಿದ ಬಗೆಯನ್ನು ಮೂರಾಗಿ ವಿಂಗಡಿಸಬಹುದು. ಮೊದಲನೆಯದು ತೀರ್ಪುಗಾರನ ಪೀಠ. ಜೀ ಕನ್ನಡ ವಾಹಿನಿಯಲ್ಲಿ 2016ರಲ್ಲಿ ಆರಂಭವಾದ ‘ಕಾಮಿಡಿ ಕಿಲಾಡಿಗಳು’ ಕಾರ್ಯಕ್ರಮದಲ್ಲಿ ಜಗ್ಗೇಶ್ ಅವರು ಯೋಗರಾಜ್ ಭಟ್ ಮತ್ತು ರಕ್ಷಿತಾ ಅವರೊಂದಿಗೆ ತೀರ್ಪುಗಾರರಾಗಿದ್ದರು. ಆಡಿದವರು ಶಿವರಾಜ್ ಕೆ.ಆರ್. ಪೇಟೆ, ನಯನಾ ಮೊದಲಾದ ಹೊಸಬರು. ಇಲ್ಲಿ ಹಿರಿಯ ನಟನ ಅನುಭವ ಪ್ರಹಸನದ ಹೊರಗೆ, ಮೆಚ್ಚುಗೆಯ ಮಾತಾಗಿ ಕೆಲಸ ಮಾಡುತ್ತದೆ. ಕಾರ್ಯಕ್ರಮಕ್ಕೆ ಅದರಿಂದ ಗೌರವ ಒದಗುತ್ತದೆ. ಪ್ರಹಸನದ ಹೊಣೆ ಮಾತ್ರ ಕಿರಿಯರದೇ ಆಗಿ ಉಳಿಯುತ್ತದೆ.

ಎರಡನೆಯದು ಹಾಸ್ಯದಿಂದ ಹೊರಬರುವ ದಾರಿ. ದೀರ್ಘಕಾಲ ಚಿತ್ರರಂಗದಲ್ಲಿ ಹಾಸ್ಯಪಾತ್ರಗಳಿಗೇ ಸೀಮಿತರಾಗಿದ್ದ ಉಮಾಶ್ರೀ ಅವರು ‘ಗುಲಾಬಿ ಟಾಕೀಸ್’ ಚಿತ್ರಕ್ಕೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದರು. ಕಿರುತೆರೆಯಲ್ಲಿ ಅವರಿಗೆ ಮನೆಮಾತಿನ ಸ್ಥಾನ ದೊರಕಿಸಿಕೊಟ್ಟದ್ದು 2021ರಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ತಾಯಿಯ ಪಾತ್ರ. ದಿನವೂ ಮುಂದುವರಿಯುವ ಒಂದೇ ಪಾತ್ರ ಅವರಿಗೆ ಒದಗಿತೆಂಬುದು ಇಲ್ಲಿನ ಮುಖ್ಯ ಸಂಗತಿ.

ಮೂರನೆಯದು ಸ್ಥಿರಪಾತ್ರದ ಮೇಳ. ಸೃಜನ್ ಲೋಕೇಶ್ ಅವರ ‘ಮಜಾ ಟಾಕೀಸ್’ 2015ರಲ್ಲಿ ಆರಂಭವಾಯಿತು. ಸೃಜನ್ ಅವರು 1934ರ ‘ಸತಿ ಸುಲೋಚನ’ ವಾಕ್ಚಿತ್ರದ ನಾಯಕ ಎಂ.ವಿ. ಸುಬ್ಬಯ್ಯನಾಯ್ಡು ಅವರ ಮೊಮ್ಮಗ. ಇದು ಕೇವಲ ವಂಶದ ವಿವರವಲ್ಲ. ಕಾರ್ಯಕ್ರಮದ ರಚನೆಯಲ್ಲಿಯೂ ಕಂಪನಿಯ ನೆರಳಿದೆ. ನೀನಾಸಮ್ ಮತ್ತು ರಂಗಾಯಣಗಳ ಹಿನ್ನೆಲೆಯ ಮಂಡ್ಯ ರಮೇಶ್, ಆಕಾಶವಾಣಿ-ದೂರದರ್ಶನಗಳ ನಿರೂಪಕಿಯಾಗಿ ಹೆಸರಾಗಿದ್ದ ಅಪರ್ಣಾ ಮೊದಲಾದವರು ಇಲ್ಲಿ ವಾರವಾರವೂ ಅದೇ ಪಾತ್ರಗಳಲ್ಲಿ ಕಾಣಿಸಿಕೊಂಡರು. ಎದುರಿಗೆ ಪ್ರೇಕ್ಷಕರಿದ್ದರು. ಅಚ್ಚುಕಟ್ಟಾದ ಕನ್ನಡಕ್ಕೆ ಹೆಸರಾದ ಅಪರ್ಣಾ ತನ್ನನ್ನು ತಾನೇ ಮೆಚ್ಚಿಕೊಳ್ಳುವ ವರಲಕ್ಷ್ಮಿಯಾದಾಗ, ಅವರ ಹಿಂದಿನ ಪ್ರತಿಷ್ಠೆಯೇ ನಗೆಯ ಮೂಲವಾಯಿತು. ಅನುಭವ ಹೊರೆಯಾಗದೆ ಸಾಮಗ್ರಿಯಾದ ಉದಾಹರಣೆಯಿದು. ಆದರೆ ಈ ಮಾದರಿಗೂ ಮಿತಿಯಿದೆ. 2024ರಲ್ಲಿ ಅಪರ್ಣಾ ನಿಧನರಾದರು. 2025ರಲ್ಲಿ ಕಾರ್ಯಕ್ರಮ ಮರಳಿದಾಗ ಆ ಪಾತ್ರವನ್ನು ಕಂಡಿದ್ದವರಿಗೆ ಆ ಜಾಗ ತೆರವಾಗಿಯೇ ಉಳಿಯಿತು. ನಟರಿಂದ ಬೇರ್ಪಡಿಸಲಾಗದ ಪಾತ್ರವನ್ನು ಮತ್ತೊಬ್ಬರಿಗೆ ದಾಟಿಸುವುದು ಸುಲಭವಲ್ಲ.

4. ನೆನಪು ಸಾಕೇ?

ಹಿರಿಯರ ಮರುಪ್ರವೇಶದಲ್ಲಿ ನೆನಪಿಗೆ ದೊಡ್ಡ ಪಾತ್ರವಿರುತ್ತದೆ. ಬ್ರಿಟನ್ನಿನ ಬಿಬಿಸಿಯಲ್ಲಿ 1971ರಿಂದ 1987ರವರೆಗೆ ಪ್ರಸಾರವಾದ ‘ದಿ ಟೂ ರಾನೀಸ್’ ಜೋಡಿ 2005ರಲ್ಲಿ ಮತ್ತೆ ತೆರೆಗೆ ಬಂದಾಗ, ಅವರು ಬಹುಮಟ್ಟಿಗೆ ತಮ್ಮ ಹಳೆಯ ಪ್ರಹಸನಗಳನ್ನೇ ಪರಿಚಯಿಸಿದರು. ನೆನಪನ್ನು ನೆನಪೆಂದೇ ಒಪ್ಪಿಕೊಂಡ ಪ್ರಾಮಾಣಿಕತೆ ಅಲ್ಲಿದೆ. ಹಳೆಯ ವರಸೆಯನ್ನು ಹೊಸತೆಂದು ಬಿಂಬಿಸಿದಾಗ ಮಾತ್ರ ಪ್ರೇಕ್ಷಕ ಬೇಸರಗೊಳ್ಳುತ್ತಾನೆ.

ಆದ್ದರಿಂದ ವಯಸ್ಸು ಇಲ್ಲಿ ನಿರ್ಣಾಯಕವಲ್ಲ. ಸ್ಥಿರವಾದ ಪಾತ್ರ, ಎದುರು ಕುಳಿತ ಪ್ರೇಕ್ಷಕ, ಮಾತನ್ನು ಹದಗೊಳಿಸಲು ಕಾಲಾವಕಾಶ ಎಂಬ ಮೂರನ್ನು ಕಂಪನಿಯು ತನ್ನ ಹಾಸ್ಯನಟನಿಗೆ ಒದಗಿಸುತ್ತಿತ್ತು. ಮೊದಲ ಎರಡನ್ನು ‘ಮಜಾ ಟಾಕೀಸ್’ ಒದಗಿಸಿದ್ದರಿಂದಲೇ ಅನುಭವಿಗಳು ಅಲ್ಲಿ ನೆಲೆಗೊಂಡರು. ಮೂರನೆಯದನ್ನು ವಾರದ ಕಾರ್ಯಕ್ರಮ ಒದಗಿಸಲಾರದು. ಸಮರ್ಥ ಬರಹಗಾರರ ಬಳಗವೇ ಆ ಕೊರತೆಯನ್ನು ತುಂಬಬೇಕು. ಈ ಏರ್ಪಾಡಿಲ್ಲದ ಕಡೆ ಹಿರಿಯ ನಟ ತೀರ್ಪುಗಾರನಾಗುತ್ತಾನೆ, ಇಲ್ಲವೆ ಅತಿಥಿಯಾಗುತ್ತಾನೆ.

ಇಲ್ಲಿ ಪಣಕ್ಕಿರುವುದು ಕೆಲವು ನಟರ ಯಶಸ್ಸು ಮಾತ್ರವಲ್ಲ. ಅಧಿಕಾರವನ್ನು ಎದುರಿಗೇ ಪ್ರಶ್ನಿಸುವ ‘ಲಂಚಾವತಾರ’ದ ಧೈರ್ಯ ಮತ್ತು ತೆಂಗಿನ ಸೀಮೆಯಂಥ ಪ್ರದೇಶಗಳ ಆಡುಮಾತಿನ ಸೂಕ್ಷ್ಮ ಈ ತಲೆಮಾರಿನೊಂದಿಗೆ ಸಾಗಿಬಂದಿವೆ. ಲಿಖಿತ ನಾಟಕವನ್ನಷ್ಟೇ ಪಠ್ಯವೆಂದು ಪರಿಗಣಿಸುವ ಕನ್ನಡ ಅಧ್ಯಯನಕ್ಕೆ ಪ್ರದರ್ಶನದಿಂದ ಪ್ರದರ್ಶನಕ್ಕೆ ಬದಲಾಗುತ್ತಿದ್ದ ಆ ಮಾತುಗಳು ದಕ್ಕಿಲ್ಲ. ಮೂಡಲಪಾಯದ ಹನುಮನಾಯಕನಿಂದ ಕಿರುತೆರೆಯ ವರಲಕ್ಷ್ಮಿಯವರೆಗಿನ ಹಾಸ್ಯವನ್ನು ಧ್ವನಿ-ದೃಶ್ಯ ಆಕರಗಳಾಗಿ ಸಂಗ್ರಹಿಸುವ ಕೆಲಸವನ್ನು ವಿಭಾಗಗಳು ಕೈಗೆತ್ತಿಕೊಳ್ಳಬೇಕಾಗಿದೆ. ಹಾಗಾದಲ್ಲಿ ಹೊಸ ಪ್ರಹಸನಗಳನ್ನು ಬರೆಯುವವರಿಗೂ ಈ ಪರಂಪರೆ ಕೈಗೆಟುಕುತ್ತದೆ.