ತಂಗಿ ರಾಣಿಯಾದಳು, ಅಣ್ಣ ದೇಶವನ್ನೇ ಆಳಿದ: ಸೀಮೋರ್ ಕುಟುಂಬ ಮೇಲೇರಿದ್ದು ಹೇಗೆ?

ಇಂಗ್ಲೆಂಡ್‌ನ ವಿಲ್ಟ್‌ಶೈರ್‌ನ ವುಲ್ಫ್ ಹಾಲ್‌ನಲ್ಲಿದ್ದ ಸೀಮೋರ್‌ಗಳು ಜಮೀನ್ದಾರರು. ಅವರ ಅದೃಷ್ಟ ಖುಲಾಯಿಸಿದ್ದು 1536ರಲ್ಲಿ. ರಾಣಿ ಆನ್ ಬೊಲಿನ್‌ಳ ಶಿರಚ್ಛೇದವಾದ 11ನೇ ದಿನಕ್ಕೆ, ಮೇ 30ರಂದು ದೊರೆ ಎಂಟನೇ ಹೆನ್ರಿ ಈ ಮನೆಯ ಜೇನ್‌ಳನ್ನು ಮದುವೆಯಾದ. ವಾರದೊಳಗೆ ಆಕೆಯ ಅಣ್ಣ ಎಡ್ವರ್ಡ್‌ಗೆ ವೈಕೌಂಟ್ ಪದವಿ!

1537ರ ಅಕ್ಟೋಬರ್ 12ರಂದು ಗಂಡುಮಗು ಹೆತ್ತ ಜೇನ್ 12 ದಿನಗಳಲ್ಲೇ ತೀರಿಕೊಂಡಳು. ಆದರೂ ಅರಮನೆಯ ನಂಟು ಕಡಿಯಲಿಲ್ಲ, ಮುಂದಿನ ರಾಜ ಇವರ ಸೋದರಳಿಯನೇ ತಾನೆ! 1547ರಲ್ಲಿ ಹೆನ್ರಿ ಸತ್ತಾಗ ಆ ಹುಡುಗನಿಗೆ ಇನ್ನೂ 9 ವರ್ಷ. ಸೋದರಮಾವ ಎಡ್ವರ್ಡ್ 'ಲಾರ್ಡ್ ಪ್ರೊಟೆಕ್ಟರ್' ಆಗಿ, ಸಾಮರ್ಸೆಟ್‌ನ ಡ್ಯೂಕ್ ಆಗಿ ಅಧಿಕಾರ ನಡೆಸಿದ.

ಇದು ತಮ್ಮ ಥಾಮಸ್‌ಗೆ ಸಹಿಸಲಿಲ್ಲ. ರಾಜದ್ರೋಹದ ಆರೋಪದಲ್ಲಿ 1549ರಲ್ಲಿ ಅವನ ತಲೆ ಉರುಳಿತು. ಮರಣದಂಡನೆಯ ಆದೇಶಕ್ಕೆ ಸಹಿ ಹಾಕಿದವರಲ್ಲಿ ಅಣ್ಣನೂ ಇದ್ದ. 1552ರ ಜನವರಿಯಲ್ಲಿ, ಅಳಿಯನೇ ಸಿಂಹಾಸನದಲ್ಲಿದ್ದಾಗ, ಲಂಡನ್ನಿನ ಟವರ್ ಹಿಲ್‌ನಲ್ಲಿ ಎಡ್ವರ್ಡ್‌ನನ್ನೂ ವಧಿಸಲಾಯಿತು.