ರೇಡಿಯೋ ಅಟ್ಟಣಿಗೆಯಲ್ಲಿ, ಸ್ಪೀಕರ್ ಬದುವಿನಲ್ಲಿ

ದರೋಜಿ ಕರಡಿಧಾಮ ಆದದ್ದು 1994ರಲ್ಲಿ. ಅದರ ಅಂಚಿನಲ್ಲಿ ಸಂಡೂರು, ಕಂಪ್ಲಿ, ಹೊಸಪೇಟೆ ಕಡೆಯ ನಮ್ಮ ಹೊಲಗಳಿವೆ. ಶೇಂಗಾ ಕಾಯಿಗಟ್ಟಿತು, ಮೆಕ್ಕೆಜೋಳ ತೆನೆ ಬಿಟ್ಟಿತು ಎಂದರೆ ರಾತ್ರಿ ನಿದ್ದೆ ಇಲ್ಲ. ಕಾಡುಹಂದಿ ಒಂದು ಕಡೆ, ಕರಡಿ ಇನ್ನೊಂದು ಕಡೆ. ಕಾವಲಿನವರ ಜೊತೆಗಾರ ರೇಡಿಯೋ. ಮನುಷ್ಯರ ದನಿ ಕೇಳಿದರೆ ಪ್ರಾಣಿ ತುಸು ಹಿಂಜರಿಯುತ್ತದೆ.

ಆದರೆ ಸಣ್ಣ ಸೆಟ್ಟಿನ ದನಿ ಬದುವಿಗೆ ಮುಟ್ಟೋದಿಲ್ಲ. ಸೆಟ್ಟನ್ನೇ ಬದುವಿನಲ್ಲಿ ಇಟ್ಟರೆ ಇಬ್ಬನಿಗೆ ಕೆಡುತ್ತದೆ, ಸ್ಟೇಷನ್ ತಿರುಗಿಸಲು ಕತ್ತಲಲ್ಲಿ ಇಳಿಯಬೇಕು. ಶಾರ್ಟ್‌ವೇವ್ ಹಿಡಿಯಲು ಏರಿಯಲ್ ಎತ್ತರದಲ್ಲಿ ಇರಬೇಕು. ಹಾಗಾಗಿ ಸೆಟ್ ಅಟ್ಟಣಿಗೆಯಲ್ಲೇ ಇರಲಿ, ಸ್ಪೀಕರ್ ಮಾತ್ರ ಬದುವಿಗೆ ಹೋಗಲಿ. ಶಾರ್ಟ್‌ವೇವ್ ಕೇಳಿ, ಹೊಸಪೇಟೆ ಆಕಾಶವಾಣಿಯ ಎಫ್‌ಎಂ ಕೇಳಿ, ಜೋಡಣೆ ಒಂದೇ.

ಮೊದಲು ಓಮ್ ನೋಡಿ. ಸ್ಪೀಕರಿನ ಬೆನ್ನಿಗೆ 4 ಅಥವಾ 8 ಓಮ್ ಎಂದು ಬರೆದಿರುತ್ತದೆ. ಒಳಗಿನದು 8 ಇದ್ದರೆ ಹೊರಗಿನದೂ 8 ಇರಲಿ. ಹೆಚ್ಚಿದ್ದರೆ ದನಿ ತುಸು ಕಡಿಮೆ, ಅಷ್ಟೇ. ಕಡಿಮೆಯಿದ್ದರೆ ಸೆಟ್ ಬಿಸಿಯಾಗಿ ಸುಡಬಹುದು. ನಾನು ಒಮ್ಮೆ 4 ಓಮಿನ ಎರಡು ಕಾರ್ ಸ್ಪೀಕರ್‌ಗಳನ್ನು ಅಕ್ಕಪಕ್ಕ ಜೋಡಿಸಿದೆ. ಲೆಕ್ಕಕ್ಕೆ 2 ಓಮ್ ಆಯ್ತು, ಐಸಿ ಹೋಯ್ತು. ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿದ್ದರೆ 8 ಆಗುತ್ತಿತ್ತು, ಸೆಟ್ಟೂ ಉಳಿಯುತ್ತಿತ್ತು.

ಇಯರ್‌ಫೋನ್ ತೂತು ಇದ್ದರೆ ಅಲ್ಲಿಂದಲೇ ತೆಗೆಯಿರಿ. ಪಿನ್ ಚುಚ್ಚಿದ ಕೂಡಲೇ ಒಳಗಿನ ಸ್ಪೀಕರ್ ತಾನೇ ಬಂದ್ ಆಗುತ್ತದೆ. ಪಿನ್ನಿನ ತುದಿಗೆ ಒಂದು ತಂತಿ, ಬುಡಕ್ಕೆ ಇನ್ನೊಂದು. ಸ್ಟೀರಿಯೋ ಸೆಟ್ಟಾದರೆ ಮೂರು ಭಾಗದ ಪಿನ್ನೇ ಬೇಕು, ನಡುವಿನ ಭಾಗಕ್ಕೆ ಏನೂ ಜೋಡಿಸಬೇಡಿ. ದನಿ ತೀರಾ ಕ್ಷೀಣ ಬಂದರೆ ಆ ತೂತಿಗೆ ಒಳಗೆ ರೆಸಿಸ್ಟರ್ ಹಾಕಿದ್ದಾರೆ ಅಂತ ತಿಳಿಯಿರಿ. ಆಗ ಬ್ಯಾಟರಿಯ ಆಂಪ್ಲಿಫೈಯರ್ ಇರುವ ಸ್ಪೀಕರ್ ಹಾಕಿಕೊಳ್ಳೋದೇ ವಾಸಿ.

ತೂತೇ ಇಲ್ಲದಿದ್ದರೆ ಒಳಗಿನ ಸ್ಪೀಕರಿನ ಎರಡು ತಂತಿ ಬಿಡಿಸಿ ಹೊರಗೆ ತನ್ನಿ. ಕೆಲವು ಸೆಟ್‌ಗಳಲ್ಲಿ ಆ ಎರಡರಲ್ಲಿ ಯಾವುದೂ ಅರ್ತ್ ಅಲ್ಲ. ಆದ್ದರಿಂದ ಎರಡನ್ನೂ ಬೇರೆ ಎಲ್ಲಿಗೂ ತಾಗಿಸಬೇಡಿ. ಹಳೆ ವಾಲ್ವ್ ರೇಡಿಯೋ ಬಿಚ್ಚಲೇಬೇಡಿ, ಒಳಗೆ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.

ತಂತಿಯ ಲೆಕ್ಕ ಹೀಗೆ: 1 ಚದರ ಮಿ.ಮೀ. ತಾಮ್ರದ ಜೋಡಿ ತಂತಿ 50 ಮೀಟರ್ ಎಳೆದರೆ, ಹೋಗಿ ಬರುವ 100 ಮೀಟರಿಗೆ ಸುಮಾರು 1.7 ಓಮ್. 8 ಓಮ್ ಸ್ಪೀಕರಾದರೆ ಶಕ್ತಿಯ ಆರರಲ್ಲೊಂದು ಪಾಲು ತಂತಿಯಲ್ಲೇ ಹೋಗುತ್ತದೆ. 4 ಓಮ್ ಆದರೆ ಮೂರರಲ್ಲೊಂದು ಪಾಲಿನ ಹತ್ತಿರ. ದೂರಕ್ಕೆ 8 ಓಮೇ ಲೇಸು.

ಬರೀ ಸ್ಪೀಕರ್ ನೇತುಹಾಕಿದರೆ ಮುಂದಿನ ದನಿಯನ್ನು ಹಿಂದಿನ ದನಿ ತಿನ್ನುತ್ತದೆ. ಗಡಿಗೆಯ ಬಾಯಿಗೆ ಸರಿಯಾಗಿ ಕೂರಿಸಿ, ಬಾಯಿ ಬದುವಿನ ಕಡೆ ತುಸು ಕೆಳಮುಖವಾಗಿರಲಿ. ಅದೇ ಸೆಟ್, ಅದೇ ಸೆಲ್, ದನಿ ಮಾತ್ರ ತುಂಬಿ ಬರುತ್ತದೆ.

ಗರಗರ ಸದ್ದು ಬಂದರೆ ಹತ್ತಿರದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಆರಿಸಿ ನೋಡಿ. ಶಾರ್ಟ್‌ವೇವಿಗೆ ಅವೇ ದೊಡ್ಡ ಶತ್ರು.

ಒಂದು ಮಾತು. ದಿನಾ ಒಂದೇ ಜಾಗದಿಂದ ದನಿ ಬಂದರೆ ಪ್ರಾಣಿಗೆ ಅದು ರೂಢಿಯಾಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಗಡಿಗೆಯ ಜಾಗ ಬದಲಿಸಿ, ಅದೂ ಹಗಲಲ್ಲೇ. ರೇಡಿಯೋ ಹಾಡುತ್ತಿದೆ ಅಂತ ನೀವು ಮಲಗಿಬಿಡಬೇಡಿ.